ಆ್ಯಪ್ ನಿಮ್ಮ ಲೆಕ್ಕ ಇಟ್ಟಿದೆ, ನೀವೂ ಅದರ ಲೆಕ್ಕ ಇಡಿ

ಬೆಂಗಳೂರಿನ ಬಿಟಿಎಂ ಲೇಔಟಿನಲ್ಲಿ ನನ್ನದೊಂದು ಚಿಕ್ಕ ಝೆರಾಕ್ಸ್ ಅಂಗಡಿ ಇದೆ. ಅದಕ್ಕೂ ಮುಂಚೆ ಎರಡು ವರ್ಷ ನಾನೂ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಮನೆಮನೆಗೆ ಊಟ ಕೊಟ್ಟವನೇ. ಹಾಗಾಗಿ ನನ್ನ ಅಂಗಡಿ ಮುಂದೆ ಗಾಡಿ ನಿಲ್ಲಿಸುವ ಡೆಲಿವರಿ ಹುಡುಗರು ಜಾಸ್ತಿ. ಒಂದು ರಾತ್ರಿ ಒಂಬತ್ತೂವರೆ ಇರಬಹುದು, ಶಟರ್ ಅರ್ಧ ಎಳೆದಿದ್ದೆ. ಒಬ್ಬ ಹುಡುಗ ಬಗ್ಗಿ ಒಳಗೆ ಬಂದ. ಹೆಲ್ಮೆಟ್ ಕೂಡ ತೆಗೆದಿರಲಿಲ್ಲ. "ಅಣ್ಣಾ, ಐಡಿ ಬ್ಲಾಕ್ ಆಗೋಯ್ತು. ಏನಾದ್ರೂ ಲೆಟರ್ ಬರೆದುಕೊಡಿ" ಅಂದ. ಫೋನ್ ನೋಡಿದೆ. ನಿಯಮ ಮುರಿದ ಕಾರಣಕ್ಕೆ ಖಾತೆ ನಿಲ್ಲಿಸಲಾಗಿದೆ ಅಂತ ಎರಡು ಸಾಲು. ಕೆಳಗೆ ‘ಓಕೆ’ ಅನ್ನುವ ಬಟನ್. ಬೇರೆ ಏನೂ ಇಲ್ಲ.

ಯಾವ ಆರ್ಡರಿಗೆ ಹೀಗಾಯ್ತು? ಗೊತ್ತಿಲ್ಲ. ಯಾವತ್ತು? ಗೊತ್ತಿಲ್ಲ. ಹೋದ ವಾರ ಎಷ್ಟು ದುಡಿದೆ? "ಆ್ಯಪಲ್ಲಿ ಇತ್ತಣ್ಣ, ಈಗ ಓಪನ್ನೇ ಆಗ್ತಿಲ್ಲ." ಹದಿನಾಲ್ಕು ತಿಂಗಳು ಮಳೆ ಬಿಸಿಲು ಅನ್ನದೆ ಓಡಿದವನು. ಅಲ್ಲಿ ಕೆಲಸ ಮಾಡಿದ್ದ ಅನ್ನುವುದಕ್ಕೆ ಮೈಮೇಲಿನ ಟೀ ಶರ್ಟ್ ಬಿಟ್ಟು ಇನ್ನೊಂದು ಗುರುತು ಅವನ ಹತ್ತಿರ ಇರಲಿಲ್ಲ. ಆ ಕಡೆ ಕಂಪನಿಯ ಬಳಿ ಅವನು ಯಾವ ಸಿಗ್ನಲ್ಲಿನಲ್ಲಿ ಎಷ್ಟು ಸೆಕೆಂಡ್ ನಿಂತಿದ್ದ ಅನ್ನುವುದೂ ಇರುತ್ತದೆ.

ಅದಕ್ಕೇ ಈ ಬರಹ. ಡೆಲಿವರಿ ಕೆಲಸಕ್ಕೆ ಹೊಸದಾಗಿ ಸೇರುವವರು, ಆಗಲೇ ಓಡಾಡುತ್ತಿರುವವರು, ಅವರ ಮನೆಯವರು ಓದಲಿ ಅಂತ.

ಆ್ಯಪ್ ಏನೇನು ನೋಡುತ್ತದೆ

ನಮಗೆ ಮೇಸ್ತ್ರಿ ಇಲ್ಲ, ಬೈಯುವವರಿಲ್ಲ, ಯಾವಾಗ ಬೇಕೋ ಆವಾಗ ಲಾಗಿನ್. ಸೇರುವಾಗ ಎಲ್ಲರೂ ಹೇಳುವ ಮಾತು ಇದು. ಅರ್ಧ ನಿಜ. ಮೇಸ್ತ್ರಿ ಇದ್ದಾನೆ, ಆದರೆ ಮುಖ ಇಲ್ಲ. ಯಾರಿಗೆ ಯಾವ ಆರ್ಡರ್, ಎಷ್ಟು ದುಡ್ಡು, ಯಾರಿಗೆ ಒಳ್ಳೆ ಸ್ಲಾಟ್ (ಕೆಲಸದ ಹೊತ್ತು), ಯಾರನ್ನು ಹೊರಗೆ ಹಾಕಬೇಕು, ಇದೆಲ್ಲ ತೀರ್ಮಾನ ಮಾಡುವುದು ಒಂದು ಸಾಫ್ಟ್‌ವೇರ್. ಆಲ್ಗಾರಿದಂ ಅಂತಾರಲ್ಲ, ಅದೇ.

ಅದಕ್ಕೆ ಬೇಕಾದ ಮಾಹಿತಿ ಹೋಗುವುದು ನಿಮ್ಮ ಜೇಬಿನಲ್ಲಿರುವ ಫೋನಿಂದಲೇ. ಎಷ್ಟು ಹೊತ್ತಿಗೆ ಲಾಗಿನ್ ಆದಿರಿ, ಆರ್ಡರ್ ಬಂದಾಗ ಎಷ್ಟು ಬೇಗ ಒತ್ತಿದಿರಿ, ಎಷ್ಟು ಆರ್ಡರ್ ಬೇಡ ಅಂದಿರಿ. ಹೋಟೆಲ್ ತಲುಪಿದ ಹೊತ್ತು, ಗಿರಾಕಿ ಮನೆ ತಲುಪಿದ ಹೊತ್ತು, ‘ಡೆಲಿವರ್ಡ್’ ಒತ್ತಿದಾಗ ನೀವು ನಿಜಕ್ಕೂ ಎಲ್ಲಿದ್ದಿರಿ. ಗಿರಾಕಿ ಕೊಟ್ಟ ಸ್ಟಾರ್. ನಿಮ್ಮ ಕೈಯಲ್ಲಿರುವ ಕ್ಯಾಶ್. ಆಗಾಗ ಸೆಲ್ಫಿ ಕೇಳುವುದು ನಿಮ್ಮ ಐಡಿಯಲ್ಲಿ ಬೇರೆಯವರು ಓಡಿಸುತ್ತಿಲ್ಲ ಅಂತ ನೋಡುವುದಕ್ಕೆ.

ತೊಂದರೆ ಶುರುವಾಗುವುದು ಫೋನ್ ಕಂಡಿದ್ದಕ್ಕೂ ರಸ್ತೆಯಲ್ಲಿ ಆದದ್ದಕ್ಕೂ ತಾಳೆಯಾಗದಾಗ. ಗಿರಾಕಿ ಮ್ಯಾಪಿನಲ್ಲಿ ಪಿನ್ ಹಾಕಿದ್ದು ಮೇನ್ ರೋಡಿಗೆ, ಮನೆ ಇರುವುದು ಹಿಂದಿನ ಏಳನೇ ಕ್ರಾಸಿನಲ್ಲಿ. ದೊಡ್ಡ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವರು ಎಂಟ್ರಿ ಮಾಡಿಸಿ, ಗಾಡಿ ಹೊರಗೆ ನಿಲ್ಲಿಸಿ, ಸರ್ವಿಸ್ ಲಿಫ್ಟಿಗೆ ಕಳಿಸುತ್ತಾರೆ. ಅಲ್ಲಿಗೆ ಹತ್ತು ನಿಮಿಷ ಹೋಯಿತು. ಬೇಸ್‌ಮೆಂಟಿಗೆ ಇಳಿದರೆ ಜಿಪಿಎಸ್ ಪಕ್ಕದ ರಸ್ತೆ ತೋರಿಸುತ್ತದೆ. ಹೋಟೆಲಿನವರು ಅಡುಗೆ ಆಗುವ ಮೊದಲೇ ‘ರೆಡಿ’ ಒತ್ತಿಬಿಟ್ಟಿದ್ದರೆ, ಕೌಂಟರಿನಲ್ಲಿ ಕಾದ ಇಪ್ಪತ್ತು ನಿಮಿಷವೂ ನಿಮ್ಮ ಖಾತೆಗೇ ಬೀಳುವ ಸಾಧ್ಯತೆ ಇದೆ.

ಇಟಲಿಯಲ್ಲಿ ಇಂಥದ್ದೇ ಒಂದು ಕೇಸು ನಡೆಯಿತು. ಅಲ್ಲಿ ಊಟ ತಲುಪಿಸುವ ಡೆಲಿವರೂ ಕಂಪನಿಯ ಆಲ್ಗಾರಿದಂಗೆ ‘ಫ್ರಾಂಕ್’ ಅಂತ ಹೆಸರು. ಬುಕ್ ಮಾಡಿದ ಸ್ಲಾಟಿಗೆ ಬರದಿದ್ದರೆ ಅದು ಅಂಕ ಕಳೆಯುತ್ತಿತ್ತು. ಜ್ವರ ಬಂದಿತ್ತಾ, ಮುಷ್ಕರಕ್ಕೆ ಹೋಗಿದ್ದರಾ, ಸುಮ್ನೆ ಮಲಗಿದ್ದರಾ ಅನ್ನುವ ವ್ಯತ್ಯಾಸವೇ ಅದಕ್ಕೆ ಇರಲಿಲ್ಲ. ಬೊಲೊನ್ಯಾ ನಗರದ ಕೋರ್ಟು 2020ರ ಡಿಸೆಂಬರ್ 31ರಂದು ಇದು ತಾರತಮ್ಯ ಅಂತ ತೀರ್ಪು ಕೊಟ್ಟಿತು. ಕಾರಣ ಕೇಳದೆ ಎಲ್ಲರಿಗೂ ಒಂದೇ ಶಿಕ್ಷೆ ಕೊಡುವುದೂ ಅನ್ಯಾಯವೇ ಅಂತ. ಅಲ್ಲಿಯ ಕೋರ್ಟಿನ ಮಾತು ಇಲ್ಲಿ ನಡೆಯುವುದಿಲ್ಲ, ಸರಿ. ಆದರೆ ನೀವು ಲೆಟರ್ ಬರೆಯುವಾಗ ಏನನ್ನು ಎತ್ತಿ ಹೇಳಬೇಕು ಅನ್ನುವುದು ಇದರಿಂದ ಗೊತ್ತಾಗುತ್ತದೆ. ‘ನಾನು ತಪ್ಪು ಮಾಡಿಲ್ಲ’ ಅಂದರೆ ಸಾಲದು. ಅವತ್ತು ಏನಾಯಿತು ಅಂತ ಹೇಳಬೇಕು.

ಮೊದಲ ಕೆಲಸ: ಜೇಬಿನಲ್ಲಿ ಒಂದು ನೋಟ್‌ಬುಕ್

ಕಿರಾಣಿ ಅಂಗಡಿಯವರು ಸಾಲದ ಲೆಕ್ಕ ಬರೆಯುವ ಉದ್ದನೆ ಪಾಕೆಟ್ ನೋಟ್‌ಬುಕ್ ಸಾಕು. ಫೋನಿನಲ್ಲೂ ಬರೆಯಬಹುದು. ಆದರೆ ಫೋನ್ ಒಡೆಯುತ್ತದೆ, ಕಳೆದುಹೋಗುತ್ತದೆ. ಮಳೆಗಾಲದಲ್ಲಿ ಪುಸ್ತಕಕ್ಕೆ ಒಂದು ಹಾಲಿನ ಕವರ್ ಸುತ್ತಿ.

ಎಲ್ಲ ಆರ್ಡರ್ ಬರೆಯಲು ಹೋಗಬೇಡಿ, ಮೂರನೇ ದಿನಕ್ಕೆ ಬಿಟ್ಟುಬಿಡುತ್ತೀರಿ. ದಿನಕ್ಕೆ ಐದು ವಿಷಯ ಸಾಕು: ಲಾಗಿನ್ ಆದ ಹೊತ್ತು, ಲಾಗೌಟ್ ಆದ ಹೊತ್ತು, ಗಾಡಿಯ ಮೀಟರ್ ಶುರುವಿನಲ್ಲಿ ಮತ್ತು ಕೊನೆಯಲ್ಲಿ, ಎಷ್ಟು ಆರ್ಡರ್, ಎಷ್ಟು ದುಡ್ಡು. ಆಮೇಲೆ ಅವತ್ತು ಎಡವಟ್ಟಾದ ಆರ್ಡರ್ ಯಾವುದಾದರೂ ಇದ್ದರೆ ಅದನ್ನು ಮಾತ್ರ ವಿವರವಾಗಿ ಬರೆಯಿರಿ.

ನಮ್ಮ ಅಕ್ಕನ ಮಗ ಬರೆದಿಟ್ಟ ಒಂದು ಪುಟ ಹೀಗಿತ್ತು:

"ಬುಧವಾರ. 11.10ಕ್ಕೆ ಆನ್. ಮೀಟರ್ 38,412. ಸಂಜೆ 7.40, ಆರ್ಡರ್ ಕೊನೆ ನಾಕು ನಂಬ್ರ 7719. ಬಿರಿಯಾನಿ ಹೋಟ್ಲಲ್ಲಿ 26 ನಿಮಿಷ ಕಾದೆ. ಪಿನ್ ತಪ್ಪು, 1.3 ಕಿ.ಮೀ ಜಾಸ್ತಿ. ಕಸ್ಟಮರ್ ಮೇಡಂ ಫೋನಲ್ಲಿ ಸಾರಿ ಅಂದ್ರು. ಚಾಟಲ್ಲಿ ಹಾಕಿದೆ, ಎಕ್ಸ್‌ಟ್ರಾ ಬರ್ಲಿಲ್ಲ. 10.15 ಆಫ್. ಮೀಟರ್ 38,522."

ಇಷ್ಟೇ. ಆದರೆ ಆರು ವಾರ ಕಳೆದ ಮೇಲೆ ‘ಲೇಟ್ ಡೆಲಿವರಿ ಜಾಸ್ತಿ ಆಗಿದೆ’ ಅಂತ ವಾರ್ನಿಂಗ್ ಬಂದಾಗ, ಅವನು ಇಂಥ ಏಳು ಪುಟದ ಫೋಟೊ ತೆಗೆದು ಸಪೋರ್ಟಿಗೆ ಕಳಿಸಿದ. ಏಳರಲ್ಲಿ ಐದು ಅದೇ ಬಿರಿಯಾನಿ ಹೋಟೆಲಿನದು. ವಾರ್ನಿಂಗ್ ವಾಪಸ್ ತೆಗೆದರು. ಪ್ರತಿಸಲ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಬರೆದಿಡದೇ ಇದ್ದಿದ್ದರೆ ಹೇಳುವುದಕ್ಕೇ ಏನೂ ಇರುತ್ತಿರಲಿಲ್ಲ, ಅಲ್ವಾ?

ಭಾನುವಾರ ರಾತ್ರಿಯ ಸ್ಕ್ರೀನ್‌ಶಾಟ್

ಈ ಒಂದನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಐಡಿ ಬ್ಲಾಕ್ ಆದ ಮೇಲೆ ಹಳೆಯ ಪೇಔಟ್ (ಕಂಪನಿ ಕೊಟ್ಟ ದುಡ್ಡಿನ ಲೆಕ್ಕ), ಆರ್ಡರ್ ಪಟ್ಟಿ, ಚಾಟ್ ಏನೂ ತೆರೆಯದೇ ಹೋಗಬಹುದು. ಮನೆ ಬೀಗ ಬೇರೆಯವರ ಕೈಲಿದ್ದಾಗ ಸಾಮಾನು ಒಳಗೇ ಉಳಿದ ಹಾಗೆ. ಅದಕ್ಕೇ ಕೆಲಸ ಸರಿಯಾಗಿ ನಡೆಯುತ್ತಿರುವಾಗಲೇ ತೆಗೆದಿಟ್ಟುಕೊಳ್ಳಬೇಕು.

ವಾರಕ್ಕೊಮ್ಮೆ ಇವುಗಳ ಸ್ಕ್ರೀನ್‌ಶಾಟ್ ತೆಗೆಯಿರಿ: ವಾರದ ಪೇಔಟ್ ವಿವರ, ಕಡಿತ ಏನಾದರೂ ಇದ್ದರೆ ಅದರ ಪುಟ, ನಿಮ್ಮ ರೇಟಿಂಗ್, ಪ್ರೊಫೈಲಿನಲ್ಲಿರುವ ಐಡಿ ನಂಬರ್, ಆ ವಾರದ ಇನ್ಸೆಂಟಿವ್ ಪಟ್ಟಿ. ಕೊನೆಯದು ತುಂಬಾ ಮುಖ್ಯ. ಎಷ್ಟು ಆರ್ಡರಿಗೆ ಎಷ್ಟು ಅಂತ ಮೊದಲು ತೋರಿಸಿದ್ದಕ್ಕೂ ಆಮೇಲೆ ಕೊಟ್ಟಿದ್ದಕ್ಕೂ ವ್ಯತ್ಯಾಸ ಬಂದರೆ ಕೈಯಲ್ಲಿ ಅದೊಂದೇ ಸಾಕ್ಷಿ. ಸೇರಿದ ದಿನ ‘ಐ ಅಗ್ರೀ’ ಒತ್ತಿದ ಷರತ್ತುಗಳ ಪುಟವನ್ನೂ ಒಂದು ಸಲ ಪೂರ್ತಿ ತೆಗೆದಿಟ್ಟುಕೊಳ್ಳಿ. ಓದದಿದ್ದರೂ ಪರವಾಗಿಲ್ಲ, ಇಟ್ಟುಕೊಳ್ಳಿ.

ಫೋನಿನಲ್ಲೇ ಬಿಡಬೇಡಿ. ಗೂಗಲ್ ಡ್ರೈವಿಗೆ ಹಾಕಿ. ಅದು ಬರದಿದ್ದರೆ ಮನೆಯವರ ವಾಟ್ಸಾಪಿಗೆ ಕಳಿಸಿ. ನಮ್ಮ ಅಕ್ಕನ ಫೋನ್ ತುಂಬಾ ಮಗನ ಪೇಔಟ್ ಫೋಟೊಗಳೇ. ‘ಗುಡ್ ಮಾರ್ನಿಂಗ್ ಮೆಸೇಜಿಗಿಂತ ವಾಸಿ’ ಅಂತಾಳೆ.

ಇನ್ಸೆಂಟಿವ್ ಬಗ್ಗೆ ಒಂದು ಮಾತು. ಟಾರ್ಗೆಟ್ಟಿಗೆ ಎರಡೇ ಆರ್ಡರ್ ಉಳಿದಾಗ ಆ್ಯಪ್ ಬೇಕಂತಲೇ ಆರ್ಡರ್ ಕೊಡುವುದಿಲ್ಲ ಅಂತ ಹುಡುಗರು ಹೇಳುವುದನ್ನು ದಿನಾ ಕೇಳುತ್ತೇನೆ. ನನಗೂ ಹಾಗೇ ಅನ್ನಿಸಿದ ರಾತ್ರಿಗಳು ಎಷ್ಟೋ. ಆದರೆ ಅನುಮಾನ ಬೇರೆ, ಸಾಬೀತು ಬೇರೆ. ರಾತ್ರಿ ಹತ್ತೂವರೆ ಮೇಲೆ ಹೇಗೂ ಆರ್ಡರ್ ಕಮ್ಮಿ. ನಿಮ್ಮ ಜೊತೆಗಿರುವ ನಾಲ್ಕೈದು ಜನ ಒಂದೇ ಏರಿಯಾದಲ್ಲಿ ಒಂದೇ ಹೊತ್ತಿನ ಲೆಕ್ಕ ಒಂದು ತಿಂಗಳು ಬರೆದರೆ ಏನಾದರೂ ಗೊತ್ತಾದೀತು. ಒಬ್ಬರೇ ಬರೆದರೆ ಅದು ಬರೀ ಹೊಟ್ಟೆಯುರಿ.

ಗಂಟೆಗೆ ನಿಜವಾಗಿ ಎಷ್ಟು ಬೀಳುತ್ತದೆ

ಅದೇ ಬುಧವಾರದ ಪುಟವನ್ನು ತೆಗೆದುಕೊಳ್ಳೋಣ. ಇನ್ಸೆಂಟಿವ್ ಸೇರಿ ಅವನಿಗೆ ಬಂದದ್ದು 1,050 ರೂಪಾಯಿ. ಓಡಿದ್ದು 110 ಕಿಲೋಮೀಟರ್. ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ಕಿನಲ್ಲಿ ಅವನ ಗಾಡಿ ಲೀಟರಿಗೆ 42 ಕೊಡುತ್ತದೆ. ಪೆಟ್ರೋಲ್ ಲೀಟರಿಗೆ 103 ಅಂತ ಹಿಡಿದರೆ ಖರ್ಚು ಸುಮಾರು 270. ಆಯಿಲ್, ಬ್ರೇಕ್ ಪ್ಯಾಡ್, ಟೈರ್, ಚೈನ್ ಎಲ್ಲ ಸೇರಿಸಿ ದಿನಕ್ಕೆ 60 ಎತ್ತಿಡಬೇಕು. ಫೋನ್ ಡೇಟಾ 10. ಉಳಿದದ್ದು 710. ಅವನು ರಸ್ತೆ ಮೇಲಿದ್ದದ್ದು 11 ಗಂಟೆ. ಗಂಟೆಗೆ 64 ರೂಪಾಯಿ ಚಿಲ್ಲರೆ. ಊಟ, ಟೀ, ಗಾಡಿಯ ಇಎಂಐ ಇನ್ನೂ ತೆಗೆದಿಲ್ಲ.

ಈ ಲೆಕ್ಕ ಹಾಕಿ ತೋರಿಸಿದಾಗ ಹುಡುಗ ಅರ್ಧ ನಿಮಿಷ ಮಾತಾಡಲಿಲ್ಲ. ಆ್ಯಪಿನಲ್ಲಿ ಅವನಿಗೆ ಕಾಣುತ್ತಿದ್ದದ್ದು 1,050 ಮಾತ್ರ. ಹಸಿರು ಬಣ್ಣದಲ್ಲಿ, ದೊಡ್ಡ ಅಕ್ಷರದಲ್ಲಿ.

ಹದಿನೈದು ದಿನ ಹೀಗೆ ಲೆಕ್ಕ ಇಟ್ಟರೆ ನಿಮ್ಮ ಏರಿಯಾದಲ್ಲಿ ಯಾವ ಹೊತ್ತು ಲಾಭ, ಯಾವ ಹೊತ್ತು ಪೆಟ್ರೋಲಿಗೆ ದಂಡ ಅಂತ ಗೊತ್ತಾಗುತ್ತದೆ. ಅವನು ಮಧ್ಯಾಹ್ನ ಮೂರರಿಂದ ಆರರವರೆಗೆ ಲಾಗಿನ್ ಆಗುವುದನ್ನೇ ಬಿಟ್ಟ. ದಿನದ ಒಟ್ಟು ಸ್ವಲ್ಪ ಇಳಿಯಿತು, ಗಂಟೆಯ ಲೆಕ್ಕ ಏರಿತು, ಸೊಂಟ ನೋವು ಕಮ್ಮಿಯಾಯಿತು.

ಪೇಔಟಿನಲ್ಲಿ ಟಿಡಿಎಸ್ (ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ) ಕಡಿತ ಇದೆಯಾ ನೋಡಿ. ಇದ್ದರೆ, ವರ್ಷದ ಆದಾಯ ತೆರಿಗೆ ಮಿತಿಗಿಂತ ಕಡಿಮೆ ಇರುವವರು ರಿಟರ್ನ್ ಹಾಕಿ ಅದನ್ನು ವಾಪಸ್ ಪಡೆಯಬಹುದು. ಎಷ್ಟೋ ಜನ ಬಿಟ್ಟೇಬಿಡುತ್ತಾರೆ.

ಕಾನೂನು ಏನು ಕೊಟ್ಟಿದೆ, ಏನು ಕೊಟ್ಟಿಲ್ಲ

ನಮ್ಮ ಹಾಗೆ ತಿಂಗಳ ಸಂಬಳ ಇಲ್ಲದೆ, ಒಂದೊಂದು ಕೆಲಸಕ್ಕೆ ಇಷ್ಟು ಅಂತ ದುಡಿಯುವವರಿಗೆ ಗಿಗ್ ಕಾರ್ಮಿಕರು ಅಂತಾರೆ. ಅವರಿಗಾಗಿ ದೇಶದಲ್ಲಿ ಮೊದಲು ಕಾನೂನು ಮಾಡಿದ್ದು ರಾಜಸ್ಥಾನ, 2023ರಲ್ಲಿ. ಕರ್ನಾಟಕ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದಿತು. ಆಗಸ್ಟಿನಲ್ಲಿ ವಿಧಾನಮಂಡಲ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಹೆಸರು ಉದ್ದ ಇದೆ: ಕರ್ನಾಟಕ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ (ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ) ಕಾಯ್ದೆ. ಊಟ, ದಿನಸಿ, ಪಾರ್ಸೆಲ್ ತಲುಪಿಸುವವರು, ಕ್ಯಾಬ್ ಮತ್ತು ಬೈಕ್ ಓಡಿಸುವವರು, ಮನೆಗೆ ಬಂದು ರಿಪೇರಿ, ಬ್ಯೂಟಿ ಪಾರ್ಲರ್ ಕೆಲಸ ಮಾಡುವವರು ಎಲ್ಲ ಇದರೊಳಗೆ ಬರುತ್ತಾರೆ.

ನಿಮಗೆ ಉಪಯೋಗಕ್ಕೆ ಬರುವುದು ಇಷ್ಟು.

ಕೆಲಸದಿಂದ ತೆಗೆಯುವುದಾದರೆ ಸರಿಯಾದ ಕಾರಣವನ್ನು ಬರಹದಲ್ಲಿ ಕೊಟ್ಟು, 14 ದಿನ ಮೊದಲೇ ತಿಳಿಸಬೇಕು. ಒಪ್ಪಂದದ ಷರತ್ತು ಬದಲಿಸುವಾಗಲೂ ಮುಂಚೆಯೇ ತಿಳಿಸಬೇಕು. ಆರ್ಡರ್ ಹೇಗೆ ಹಂಚುತ್ತಾರೆ, ದುಡ್ಡು ಹೇಗೆ ಲೆಕ್ಕ ಹಾಕುತ್ತಾರೆ, ರೇಟಿಂಗ್ ಹೇಗೆ ಕೆಲಸ ಮಾಡುತ್ತದೆ ಅನ್ನುವ ಮಾಹಿತಿ ಕೇಳುವ ಹಕ್ಕು ನಿಮಗಿದೆ. ಅದನ್ನು ಸುಲಭದ ಮಾತಿನಲ್ಲಿ, ಕನ್ನಡದಲ್ಲೂ ಹೇಳಬೇಕು. ಈ ವ್ಯವಸ್ಥೆ ಜಾತಿ, ಧರ್ಮ, ಲಿಂಗ, ಹುಟ್ಟಿದ ಊರು, ಅಂಗವೈಕಲ್ಯ ನೋಡಿ ಭೇದ ಮಾಡದಂತೆ ಕಂಪನಿ ಎಚ್ಚರ ವಹಿಸಬೇಕು. ದುಡ್ಡು ಕಡಿತ ಮಾಡಿದರೆ ಯಾಕೆ ಅಂತ ತಿಳಿಸಬೇಕು. ದೂರು ಕೇಳುವುದಕ್ಕೆ ಕಂಪನಿಯೊಳಗೆ ಸಮಿತಿ ಇರಬೇಕು, ಹೊರಗೆ ಸರ್ಕಾರದ ಅಧಿಕಾರಿಯ ಬಳಿ ಹೋಗುವ ದಾರಿಯೂ ಇದೆ.

ಗಿಗ್ ಕಾರ್ಮಿಕರಿಗಾಗಿ ಈ ಕಾಯ್ದೆ ಮಾಡಿದ ಕಲ್ಯಾಣ ನಿಧಿಗೆ ದುಡ್ಡು ಬರುವುದು ಪ್ರತಿ ಆರ್ಡರಿಗೆ ನಿಮಗೆ ಕೊಡುವ ಮೊತ್ತದ ಮೇಲೆ ಕಂಪನಿಗಳು ಕಟ್ಟುವ ಶುಲ್ಕದಿಂದ. ಕಾಯ್ದೆ ಇದನ್ನು ಶೇ 1ರಿಂದ 5ರ ನಡುವೆ ಇಟ್ಟಿದೆ. ಕಟ್ಟಬೇಕಾದವರು ಕಂಪನಿಯವರು. ನಿಮ್ಮ ಪೇಔಟಿನಲ್ಲಿ ‘ವೆಲ್ಫೇರ್ ಫೀ’ ಅಂತ ಕಡಿತ ಕಂಡರೆ ತಕ್ಷಣ ಸ್ಕ್ರೀನ್‌ಶಾಟ್ ತೆಗೆದು ದೂರು ಕೊಡಿ.

ಇನ್ನು, ಕೊಡದೇ ಇರುವುದು. ಈ ಕಾಯ್ದೆ ನಿಮ್ಮನ್ನು ಕಂಪನಿಯ ನೌಕರ ಅಂತ ಮಾಡುವುದಿಲ್ಲ. ಕನಿಷ್ಠ ಕೂಲಿ, ಪಿಎಫ್, ಸಂಬಳದ ರಜೆ ಇದರಿಂದ ಸಿಗುವುದಿಲ್ಲ. ಕಿಲೋಮೀಟರಿಗೆ ಇಷ್ಟು ಕೊಡಲೇಬೇಕು ಅಂತಲೂ ಇಲ್ಲ. ಮೇಲಿನ 64 ರೂಪಾಯಿಯ ಲೆಕ್ಕವನ್ನು ಈ ಕಾಯ್ದೆ ಮುಟ್ಟುವುದೇ ಇಲ್ಲ. ನನ್ನ ದೊಡ್ಡ ತಕರಾರು ಇದೇ. ಹೊರಗೆ ಹಾಕುವಾಗ ಕಾರಣ ಹೇಳು ಅನ್ನುವುದು ಒಳ್ಳೆಯದೇ. ಒಳಗಿದ್ದಾಗ ಹೊಟ್ಟೆ ತುಂಬ ಕೊಡು ಅಂತ ಹೇಳುವವರು ಯಾರು?

ಕೇಂದ್ರದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಗಿಗ್ ಕಾರ್ಮಿಕರ ಹೆಸರಿದೆ. ಅದು ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ಅಲ್ಲೂ ವಿಷಯ ನಿಧಿ ಮತ್ತು ಯೋಜನೆಗಳದೇ, ಕೂಲಿಯದಲ್ಲ.

ಐಡಿ ಬ್ಲಾಕ್ ಆದ ದಿನ ಏನು ಮಾಡಬೇಕು

ಗಾಬರಿಯಲ್ಲಿ ಮಾಡುವ ಮೊದಲ ತಪ್ಪು ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕುವುದು. ಮಾಡಬೇಡಿ. ಎರಡನೇ ತಪ್ಪು ಬೇರೆಯವರ ಐಡಿ ಬಾಡಿಗೆಗೆ ತೆಗೆದುಕೊಳ್ಳುವುದು. ಸೆಲ್ಫಿಯಲ್ಲಿ ಸಿಕ್ಕಿಬಿದ್ದರೆ ಇಬ್ಬರದೂ ಹೋಗುತ್ತದೆ. ದಾರಿಯಲ್ಲಿ ಏಟು ಬಿದ್ದರೆ ಇನ್ಶೂರೆನ್ಸೂ ಕೈಕೊಡುತ್ತದೆ. ಮೂರನೆಯದು, ‘ಐದು ಸಾವಿರ ಕೊಡಿ, ಐಡಿ ಓಪನ್ ಮಾಡಿಸ್ತೀನಿ’ ಅನ್ನುವವರ ಬಾಯಿಗೆ ಬೀಳುವುದು. ನನ್ನ ಅಂಗಡಿ ಗೋಡೆಗೂ ಒಬ್ಬ ಅಂಥ ಚೀಟಿ ಅಂಟಿಸಿಹೋಗಿದ್ದ. ಕಿತ್ತು ಹಾಕಿದೆ.

ಮೊದಲು ಆ ಪರದೆಯ ಸ್ಕ್ರೀನ್‌ಶಾಟ್ ತೆಗೆಯಿರಿ, ದಿನ ಮತ್ತು ಸಮಯ ಕಾಣುವ ಹಾಗೆ. ಅದಕ್ಕೆ ಹಿಂದಿನ ಒಂದು ವಾರ ಬಂದ ಎಸ್‌ಎಂಎಸ್, ನೋಟಿಫಿಕೇಶನ್, ಮೇಲ್ ಎಲ್ಲ ಹುಡುಕಿ ಉಳಿಸಿಕೊಳ್ಳಿ. ಕೈಯಲ್ಲಿ ಗಿರಾಕಿಗಳ ಕ್ಯಾಶ್ ಇದ್ದರೆ ಅವತ್ತೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಕಟ್ಟದಿದ್ದರೆ ‘ದುಡ್ಡು ಇಟ್ಟುಕೊಂಡಿದ್ದಾನೆ’ ಅನ್ನುವ ಹೊಸ ತಕರಾರು ಹುಟ್ಟಿಕೊಳ್ಳುತ್ತದೆ. ನಿಮ್ಮ ನಿಜವಾದ ಕೇಸು ಅದರಡಿ ಮುಚ್ಚಿಹೋಗುತ್ತದೆ.

ಆಮೇಲೆ ಬರಹದಲ್ಲಿ ಕೇಳಿ. ಟೀಮ್ ಲೀಡರಿಗೆ ಫೋನ್ ಮಾಡಿ ಗೋಗರೆಯುವುದು ಬೇಡ ಅನ್ನುವುದಿಲ್ಲ, ಮಾಡಿ. ಆದರೆ ಫೋನಿನ ಮಾತಿಗೆ ಬಾಳಿಕೆ ಇಲ್ಲ. ಸಪೋರ್ಟಿನ ಮೇಲ್ ವಿಳಾಸಕ್ಕೆ, ಆ್ಯಪಿನಲ್ಲಿ ಕೊಟ್ಟಿರುವ ಕುಂದುಕೊರತೆ ವಿಳಾಸಕ್ಕೆ ಒಂದೇ ಲೆಟರ್ ಕಳಿಸಿ. ನಾನು ಹುಡುಗರಿಗೆ ಬರೆದುಕೊಡುವುದು ಹೀಗೆ:

"ಮಾನ್ಯರೇ,
ನಾನು ನಿಮ್ಮ ಆ್ಯಪಿನಲ್ಲಿ ಇಂಥ ಐಡಿ ನಂಬರಿನಲ್ಲಿ ಇಂಥ ತಿಂಗಳಿನಿಂದ ಡೆಲಿವರಿ ಕೆಲಸ ಮಾಡುತ್ತಿದ್ದೇನೆ. ಇಂಥ ದಿನ, ಇಷ್ಟು ಗಂಟೆಗೆ ನನ್ನ ಖಾತೆ ನಿಂತಿದೆ. ಯಾವ ಆರ್ಡರಿಗೆ, ಯಾವ ದಿನದ ಘಟನೆಗೆ, ಯಾವ ನಿಯಮದ ಪ್ರಕಾರ ಹೀಗೆ ಮಾಡಿದ್ದೀರಿ ಎಂದು ಬರಹದಲ್ಲಿ ತಿಳಿಸಿ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆಯ ಪ್ರಕಾರ ಕಾರಣ ಮತ್ತು 14 ದಿನಗಳ ಮುನ್ಸೂಚನೆ ಕೊಡಬೇಕಿತ್ತು. ನನಗೆ ಬಂದಿಲ್ಲ. ಈ ತೀರ್ಮಾನವನ್ನು ಸಾಫ್ಟ್‌ವೇರ್ ಮಾತ್ರ ತೆಗೆದುಕೊಂಡಿದೆಯೇ, ಒಬ್ಬ ವ್ಯಕ್ತಿ ಪರಿಶೀಲಿಸಿದ್ದಾರೆಯೇ ತಿಳಿಸಿ. ಬರಬೇಕಾದ ಬಾಕಿ ಹಣ ಇಷ್ಟು ರೂಪಾಯಿ. ಅದನ್ನು ಕೂಡಲೇ ಕೊಡಿ. ನನ್ನ ದೂರನ್ನು ವಿವಾದ ಪರಿಹಾರ ಸಮಿತಿಯ ಮುಂದೆ ಇಡಿ."

ಕೊನೆಗೆ ನಿಮ್ಮ ಹೆಸರು, ಫೋನ್ ನಂಬರ್, ಜೊತೆಗೆ ನೋಟ್‌ಬುಕ್ ಪುಟ ಮತ್ತು ಸ್ಕ್ರೀನ್‌ಶಾಟ್‌ಗಳು. ಬೈಗುಳ ಬೇಡ, ಕಣ್ಣೀರೂ ಬೇಡ. ಮನೆಯ ಕಷ್ಟ ಬರೆಯಬೇಕು ಅನ್ನಿಸುತ್ತದೆ, ನನಗೆ ಗೊತ್ತು. ಲೆಟರಿನ ಆ ಕಡೆ ಕೂತವರ ಹತ್ತಿರ ಅದಕ್ಕೆ ಒತ್ತುವ ಬಟನ್ ಇಲ್ಲ. ತಾರೀಕು, ಆರ್ಡರ್ ನಂಬರ್, ದುಡ್ಡು, ಇದಕ್ಕೆ ಮಾತ್ರ ಅವರು ಉತ್ತರ ಕೊಡಲೇಬೇಕಾಗುತ್ತದೆ.

ಉತ್ತರ ಬರಲಿಲ್ಲ ಅಥವಾ ಸಿದ್ಧ ಉತ್ತರ ಬಂತು ಅಂದರೆ ಕಾರ್ಮಿಕ ಇಲಾಖೆಗೆ ಹೋಗಿ. ಇಲಾಖೆಯ ಸಹಾಯವಾಣಿ 155214. ಬೆಂಗಳೂರಿನಲ್ಲಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಬೇರೆ ಜಿಲ್ಲೆಯಲ್ಲಾದರೆ ಅಲ್ಲಿಯ ಕಾರ್ಮಿಕ ಅಧಿಕಾರಿಯ ಕಚೇರಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲ್ ಹಾಕಿಸಿಕೊಂಡು ಬನ್ನಿ. ‘ಆಮೇಲೆ ಹಾಕ್ತೀವಿ, ಇಟ್ಟು ಹೋಗಿ’ ಅಂದರೆ ಸ್ವಲ್ಪ ಹೊತ್ತು ಅಲ್ಲೇ ಕೂತುಕೊಳ್ಳಿ. ವಕೀಲರ ಸಹಾಯ ಬೇಕಾದರೆ 15100ಕ್ಕೆ ಫೋನ್ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ್ದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಡಿಮೆ ಇರುವವರಿಗೆ ಪುಕ್ಕಟೆ.

ಸಂಘದವರನ್ನೂ ಕಾಣಿ. ಬೆಂಗಳೂರಿನಲ್ಲಿ ಆ್ಯಪ್ ಕಾರ್ಮಿಕರ ಸಂಘಗಳು ಇವೆ. ನೀವೊಬ್ಬರೇ ಬರೆದ ಮೇಲ್ ಸಾವಿರದಲ್ಲಿ ಒಂದು. ಮೂವತ್ತು ಜನರ ಲೆಟರ್ ಒಟ್ಟಿಗೆ ಹೋದರೆ ಆ ಕಡೆ ಒಬ್ಬ ಮನುಷ್ಯ ಎದ್ದು ಕೂರುತ್ತಾನೆ. ‘ಹತ್ತು ನಿಮಿಷದಲ್ಲಿ ಡೆಲಿವರಿ’ ಅನ್ನುವ ಜಾಹೀರಾತಿನ ವಿಷಯದಲ್ಲಿ ಆದದ್ದು ಇದೇ. 2025ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ದಿನ ಮತ್ತು ವರ್ಷದ ಕೊನೆಯ ದಿನ, ದೇಶದ ಬೇರೆಬೇರೆ ಊರುಗಳಲ್ಲಿ ಡೆಲಿವರಿಯವರು ಮುಷ್ಕರ ಮಾಡಿದರು. ಜನವರಿಯಲ್ಲಿ ಕೇಂದ್ರ ಕಾರ್ಮಿಕ ಸಚಿವರು ಕಂಪನಿಗಳ ಜೊತೆ ಮಾತಾಡಿದರು, ದಿನಸಿ ತಲುಪಿಸುವ ಬ್ಲಿಂಕಿಟ್ ಕಂಪನಿ ತನ್ನ ‘ಹತ್ತು ನಿಮಿಷ’ದ ಘೋಷಣೆ ತೆಗೆಯಿತು. ಘೋಷಣೆ ಹೋದ ಮಾತ್ರಕ್ಕೆ ಗಡಿಯಾರ ನಿಂತಿತು ಅಂದುಕೊಳ್ಳಬೇಡಿ. ಸಿಗ್ನಲ್ ಜಂಪ್ ಮಾಡಿದರೆ ಫೈನ್ ಬರುವುದು ಈಗಲೂ ನಿಮ್ಮ ಗಾಡಿ ನಂಬರಿಗೇ.

ಎರಡು ನೋಂದಣಿ, ಇವತ್ತೇ

ಒಂದು, ಇ-ಶ್ರಮ್. ಕೇಂದ್ರ ಸರ್ಕಾರದ್ದು, 2021ರಿಂದ ಇದೆ. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್ ನಂಬರ್, ಬ್ಯಾಂಕ್ ಖಾತೆ ಇದ್ದರೆ ಸಾಕು, ನೀವೇ ಮಾಡಿಕೊಳ್ಳಬಹುದು. ಪ್ಲಾಟ್‌ಫಾರ್ಮ್ ಕಾರ್ಮಿಕ ಅನ್ನುವ ವಿಭಾಗದಲ್ಲೇ ಮಾಡಿ. ‘ಕೂಲಿ’ ಅಂತಲೋ ‘ಡ್ರೈವರ್’ ಅಂತಲೋ ಹಾಕಿದವರು ಬೇಕಾದಷ್ಟು ಜನ ಇದ್ದಾರೆ. 2025ರ ಬಜೆಟ್ಟಿನಲ್ಲಿ ಗಿಗ್ ಕಾರ್ಮಿಕರಿಗೆ ಗುರುತಿನ ಚೀಟಿ ಮತ್ತು ಆಯುಷ್ಮಾನ್ ಯೋಜನೆಯ ಚಿಕಿತ್ಸೆ ಘೋಷಿಸಿದಾಗ ಇದೇ ನೋಂದಣಿಯ ಹೆಸರು ಹೇಳಿದ್ದರು. ಸಹಾಯವಾಣಿ 14434.

ಇನ್ನೊಂದು, ರಾಜ್ಯ ಸರ್ಕಾರದ ಗಿಗ್ ಕಾರ್ಮಿಕರ ವಿಮಾ ಯೋಜನೆ. ಇದು 2023ರಲ್ಲಿ ಶುರುವಾಯಿತು. 18ರಿಂದ 60 ವರ್ಷದವರಿಗೆ. ಆದಾಯ ತೆರಿಗೆ ಕಟ್ಟುವವರು, ಪಿಎಫ್ ಅಥವಾ ಇಎಸ್‌ಐ ಇರುವವರು ಬರುವುದಿಲ್ಲ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ ಅಪಘಾತ ವಿಮೆ 2 ಲಕ್ಷ, ಜೀವ ವಿಮೆ 2 ಲಕ್ಷ, ಒಟ್ಟು 4 ಲಕ್ಷ. ಸಹಜ ಸಾವಾದರೂ 2 ಲಕ್ಷ. ಅಪಘಾತದ ಆಸ್ಪತ್ರೆ ಖರ್ಚಿಗೆ 1 ಲಕ್ಷದವರೆಗೆ. ಕೆಲಸದ ಹೊತ್ತಿನಲ್ಲೇ ಆಗಿರಬೇಕು ಅಂತ ಇಲ್ಲ. ನೀವು ಕಟ್ಟಬೇಕಾದ ಪ್ರೀಮಿಯಂ ಇಲ್ಲ.

ರಾಜ್ಯದ ಹೊಸ ಕಾಯ್ದೆಯಡಿ ಗಿಗ್ ಕಾರ್ಮಿಕರ ಕಲ್ಯಾಣಕ್ಕೆ ಇರುವ ಮಂಡಳಿಗೆ ನಿಮ್ಮ ವಿವರ ಕೊಡಬೇಕಾದ್ದು ಕಂಪನಿಯ ಜವಾಬ್ದಾರಿ. ಪ್ರತಿಯೊಬ್ಬರಿಗೂ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಸಿಗಬೇಕು. ಎರಡು ಮೂರು ಆ್ಯಪಿನಲ್ಲಿ ಕೆಲಸ ಮಾಡಿದರೂ ನಂಬರ್ ಒಂದೇ. ನಿಮ್ಮ ಹೆಸರು ಕೊಟ್ಟಿದ್ದಾರಾ ಅಂತ ಕಂಪನಿಗೆ ಒಂದು ಮೇಲ್ ಹಾಕಿ ಕೇಳಿ.

ಫಾರಂ ತುಂಬುವಾಗ ನಾನು ಕಾಣುವ ಮಾಮೂಲಿ ತಪ್ಪುಗಳು: ಆಧಾರಿನ ಹೆಸರಿಗೂ ಬ್ಯಾಂಕಿನ ಹೆಸರಿಗೂ ಇನಿಷಿಯಲ್ ವ್ಯತ್ಯಾಸ, ಓಟಿಪಿ ಬರುವ ನಂಬರ್ ರೀಚಾರ್ಜ್ ಇಲ್ಲದೆ ಸತ್ತಿರುವುದು, ನಾಮಿನಿ ಜಾಗ ಖಾಲಿ ಬಿಡುವುದು.

ಬಿದ್ದಾಗ

ಏಟು ಚಿಕ್ಕದಿರಲಿ ದೊಡ್ಡದಿರಲಿ, ಮೊದಲು ಗಾಡಿ ಬಿಟ್ಟು ರಸ್ತೆ ಪಕ್ಕ ಬನ್ನಿ. ಊಟ ಚೆಲ್ಲಿದ್ದರೆ ಚೆಲ್ಲಲಿ. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ನಾನೇ ಒಂದು ಸಲ ಮೊಣಕಾಲಿನಿಂದ ರಕ್ತ ಸೋರುತ್ತಿರುವಾಗ ಸಾಂಬಾರ್ ಪೊಟ್ಟಣ ಒಡೆದಿದೆಯಾ ಅಂತ ಬ್ಯಾಗ್ ತೆಗೆದು ನೋಡುತ್ತಾ ಕೂತಿದ್ದೆ. ಕ್ಯಾನ್ಸಲ್ ಆದರೆ ಎಲ್ಲಿ ಕಡಿತ ಆಗುತ್ತದೋ ಅನ್ನುವ ಭಯ. ಆ ಭಯ ತಲೆಗೆ ಎಷ್ಟು ಏರಿರುತ್ತದೆ ಅಂತ ಓಡಿಸದವರಿಗೆ ಹೇಳಿದರೆ ಗೊತ್ತಾಗುವುದಿಲ್ಲ.

112ಕ್ಕೆ ಅಥವಾ 108ಕ್ಕೆ ಫೋನ್. ಜಾಗದ, ಗಾಡಿಯ, ಗುದ್ದಿದ ವಾಹನದ ನಂಬರಿನ ಫೋಟೊ. ಆ ಕ್ಷಣದಲ್ಲಿ ಆ್ಯಪಿನಲ್ಲಿ ಓಡುತ್ತಿದ್ದ ಆರ್ಡರಿನ ಸ್ಕ್ರೀನ್‌ಶಾಟ್. ಕಂಪನಿ ಕೊಡುವ ಇನ್ಶೂರೆನ್ಸ್ ಎಷ್ಟೋ ಸಲ ನೀವು ಲಾಗಿನ್ ಆಗಿದ್ದಿರಾ, ಆರ್ಡರ್ ಮೇಲಿದ್ದಿರಾ ಅನ್ನುವುದನ್ನೇ ನೋಡುತ್ತದೆ. ಅದಕ್ಕೇ ಅವತ್ತೇ ಆ್ಯಪಿನಲ್ಲಿ ಅಪಘಾತ ಅಂತ ವರದಿ ಮಾಡಿ.

ಸಣ್ಣ ಏಟು ಅಂತ ಪೊಲೀಸ್ ಬೇಡ ಅಂದುಬಿಡಬೇಡಿ. ಮಾರನೇ ದಿನ ಊದಿಕೊಂಡು ಮೂಳೆ ಮುರಿದಿದ್ದು ಗೊತ್ತಾದರೆ ಹಿಂದಕ್ಕೆ ಹೋಗಿ ಸಾಕ್ಷಿ ಹುಡುಕುವುದು ಕಷ್ಟ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ 2025ರ ಮೇ ತಿಂಗಳಿನಿಂದ ಕೇಂದ್ರದ ನಗದುರಹಿತ ಚಿಕಿತ್ಸೆಯ ಯೋಜನೆ ಇದೆ: ಗೊತ್ತುಮಾಡಿದ ಆಸ್ಪತ್ರೆಗಳಲ್ಲಿ 7 ದಿನ, 1.5 ಲಕ್ಷದವರೆಗೆ. ಇದಕ್ಕೂ ಪೊಲೀಸ್ ಮಾಹಿತಿ ಬೇಕಾಗುತ್ತದೆ. ಆಸ್ಪತ್ರೆಗೆ ಸೇರಿಸುವಾಗ ರಸ್ತೆ ಅಪಘಾತ ಅಂತಲೇ ಬರೆಸಿ. ‘ಮೆಟ್ಟಿಲಿಂದ ಬಿದ್ದೆ’ ಅಂತ ಬರೆಸಿ ಆಮೇಲೆ ಒದ್ದಾಡಿದವರನ್ನು ನೋಡಿದ್ದೇನೆ. ಬೇರೆ ವಾಹನದ ತಪ್ಪಾದರೆ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಬಹುದು. ಕಾಯ್ದೆಯಲ್ಲಿ ಅದಕ್ಕೆ ಆರು ತಿಂಗಳು ಅಂತ ಇದೆ, ತಡ ಮಾಡಬೇಡಿ. ಗುದ್ದಿ ಓಡಿಹೋದವರು ಸಿಗದಿದ್ದರೂ ಗಂಭೀರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ಪರಿಹಾರ ಇದೆ.

ಇನ್ನೊಂದು ಕೆಲಸ ಮನೆಯಲ್ಲಿ ಮಾಡಬೇಕು. ಐಡಿ ನಂಬರ್, ಗಾಡಿಯ ಇನ್ಶೂರೆನ್ಸ್, ಇ-ಶ್ರಮ್ ಕಾರ್ಡ್, ವಿಮೆಯ ನೋಂದಣಿ ಚೀಟಿ, ಎಲ್ಲದರ ಝೆರಾಕ್ಸ್ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಅಮ್ಮನ ಕೈಗೋ ಹೆಂಡತಿ ಕೈಗೋ ಕೊಡಿ. ಮದುವೆಗೆ ಮುಂಚೆ ಹಾಕಿದ ನಾಮಿನಿಯನ್ನು ಬದಲಿಸಬೇಕಿದ್ದರೆ ಬದಲಿಸಿ. ಫೋನಿನ ಲಾಕ್ ಪ್ಯಾಟರ್ನ್ ಮನೆಯಲ್ಲಿ ಒಬ್ಬರಿಗಾದರೂ ಹೇಳಿಕೊಡಿ. ನಿಮ್ಮ ಕೆಲಸದ ದಾಖಲೆ ಪೂರ್ತಿ ಅದರೊಳಗಿದೆ. ನೀವು ಆಸ್ಪತ್ರೆಯಲ್ಲಿ ಮಲಗಿದ್ದಾಗ ಅದನ್ನು ತೆರೆಯಬೇಕಾದವರು ಅವರು.